ತಾಯಿಗೆ ತಿಳಿಸಲಾಗಿದೆ

ನನ್ನ ರಿಜಿಸ್ಟರಿನ ಏಳನೇ ಕಾಲಮಿನ ತಲೆಯ ಮೇಲೆ 'ತಾಯಿಗೆ ತಿಳಿಸಲಾಗಿದೆ' ಎಂದು ಅಚ್ಚಾಗಿತ್ತು. ಅದರ ಕೆಳಗೆ ನಾನು ಹಾಕಬೇಕಾದದ್ದು ಒಂದು ಸರಿ ಗುರುತು, ಅಷ್ಟೆ. ೧೯೮೫ರ ಏಪ್ರಿಲ್ ಮೂರನೆಯ ವಾರದಿಂದ ಜೂನ್ ಆರರವರೆಗೆ ಅಂಥ ಅರವತ್ತಮೂರು ಗುರುತು ಹಾಕಿದ್ದೆ. ಒಂದನ್ನೂ ಬಿಟ್ಟಿರಲಿಲ್ಲ. ಮೇಲಿನವರು ನೋಡಿ, ಚೊಕ್ಕಟ ಕೆಲಸ ಎಂದು ಮೆಚ್ಚಿದ್ದರು. ಆ ಅರವತ್ತಮೂರರಲ್ಲಿ ಐವತ್ತೇಳನೆಯ ಗುರುತು ಹಾಕಿದ ಮನೆಯಲ್ಲಿ ಒಂದು ಮಗು ಸತ್ತಿತು. ತಪ್ಪು ತಾಯಿಯದು ಎಂದು ಕಾಗದದಲ್ಲಿ ಬರೆದರು. ಆ ಕಾಗದಕ್ಕೆ ನನ್ನ ಸಹಿ ಇದೆ.

ಈಗ ಎರಡು ವರ್ಷವಾಗಿದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಡೈರಿಗಳನ್ನು ಮುಂದಿಟ್ಟುಕೊಂಡು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಎಣಿಸಿ ಬರೆದಿಡುವ ಚಾಳಿ ನನಗೆ ಅಪ್ಪನಿಂದ ಬಂದದ್ದು. ಅಪ್ಪ ರಾಯಚೂರಿನ ಗಂಜಿನಲ್ಲಿ, ಎಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಹಮಾಲಿ. ಓದು ಬರಹ ಬಾರದು. ಹೊತ್ತ ಚೀಲಕ್ಕೊಂದರಂತೆ ಗೋದಾಮಿನ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಮನೆಯ ಗೋಡೆಗೆ ಬುದ್ಧನ ಪಟ ತಂದು ತೂಗುಹಾಕಿದ ವರ್ಷವೇ ನನ್ನನ್ನು ಶಾಲೆಗೆ ಹಾಕಿದ. ಒಂಬತ್ತನೇ ತರಗತಿಯಿಂದ ನಾನು ಡೈರಿ ಬರೆಯುತ್ತಿದ್ದೇನೆ: ತಾರೀಖು, ವಾರ, ಹೋದ ಮನೆ, ನಡೆದ ದೂರ, ಕೇಳಿದ ಪ್ರಶ್ನೆ, ಸಿಕ್ಕ ಉತ್ತರ. ಇಪ್ಪತ್ತೊಂದನೆಯ ವಯಸ್ಸಿಗೆ ಸೂಲಗಿತ್ತಿ-ನರ್ಸಿನ ತರಬೇತಿ ಮುಗಿಸಿ ದೇವದುರ್ಗ ತಾಲ್ಲೂಕಿನ ಮಸರಕಲ್‌ಗೆ ಬಂದೆ. ಬಿಳಿ ಸೀರೆ ಉಟ್ಟುಕೊಂಡು, ಒಂದು ಕೈಯಲ್ಲಿ ಔಷಧದ ಚೀಲ, ಇನ್ನೊಂದರಲ್ಲಿ ರಿಜಿಸ್ಟರು.

ಆ ವರ್ಷದ ಮಾರ್ಚ್ ಕೊನೆಯಲ್ಲಿ ರಾಯಚೂರಿನ ಒಂದು ಸಭಾಭವನದಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. 'ಆರೋಗ್ಯ ಸೇವೆಯಲ್ಲಿ ನಾಯಕತ್ವ ಮತ್ತು ಸಂವಹನ' ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು. ನಾವು ನಲವತ್ತೊಂದು ಜನ ಜಮಖಾನದ ಮೇಲೆ, ಅಧಿಕಾರಿಗಳು ವೇದಿಕೆಯ ಮೇಲೆ. ಫ್ಯಾನು ಇದ್ದದ್ದು ವೇದಿಕೆಗೆ ಮಾತ್ರ. ಬೆಂಗಳೂರಿನಿಂದ ಬಂದವರೊಬ್ಬರು ಮೂರು ತಾಸು ಮಾತನಾಡಿದರು. ಜನರ ಮಟ್ಟಕ್ಕೆ ಇಳಿದು ಮಾತಾಡಬೇಕು ಎಂದು ಐದು ಸಲ ಹೇಳಿದರು. ಡೈರಿಯ ಪುಟದ ಅಂಚಿನಲ್ಲಿ ನನ್ನ ಗೆರೆಗಳಿವೆ. ಒಳ್ಳೆಯ ನಾಯಕ ಮೊದಲು ಕೇಳಿಸಿಕೊಳ್ಳುತ್ತಾನೆ ಎಂದು ಎರಡು ಸಲ ಹೇಳಿದರು.

ಎರಡನೆಯ ದಿನ ಮಕ್ಕಳ ಭೇದಿಗೆ ಕೊಡುವ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣ ತೋರಿಸಿದರು. ಒಂದು ಪೊಟ್ಟಣಕ್ಕೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರು. ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ಇರಬೇಕು. ಪೊಟ್ಟಣದ ಮೇಲೆ ಇಂಗ್ಲಿಷ್ ಇತ್ತು, ಹಿಂದಿ ಇತ್ತು. ನಾನು ಎದ್ದು ನಿಂತೆ.

"ಸರ್, ಒಂದು ಲೀಟರ್ ಅಂದ್ರ ಎಷ್ಟು ಅಂತ ಹಳ್ಳ್ಯಾಗ ಹೆಂಗ ತೋರಸಬೇಕ್ರಿ?"

"ಲೀಟರ್ ಅಂದ್ರೆ ಲೀಟರ್ ಕಣಮ್ಮ. ಸೀಮೆಎಣ್ಣೆ ತರೋಲ್ವಾ ಅವರು?"

ವೇದಿಕೆ ನಕ್ಕಿತು. ವೇದಿಕೆ ನಕ್ಕ ಮೇಲೆ ಜಮಖಾನವೂ ನಕ್ಕಿತು. ಸೀಮೆಎಣ್ಣೆ ಬಾಟಲಿಯಲ್ಲಿ ಮಗುವಿನ ಔಷಧ ಕಲಸಲು ಆಗುವುದಿಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡು ಕೂತೆ. ಹೋಗುವಾಗ ಎಲ್ಲರಿಗೂ ಲೀಟರಿನ ಗೆರೆ ಇದ್ದ ಒಂದೊಂದು ಬಿಳಿ ಜಗ್ಗು ಕೊಟ್ಟರು. ಆ ದಿನದ ಡೈರಿಯ ಕೊನೆಯ ಸಾಲು: ಪ್ರಶ್ನೆ ೧, ಉತ್ತರ ೦.

ಏಪ್ರಿಲ್ ಹದಿನೆಂಟು, ಗುರುವಾರ. ಮಸರಕಲ್‌ನಲ್ಲಿ ಕಟ್ಟೆಯ ಮೇಲೆ ನಿಂತು ಮೊದಲ ಬಾರಿಗೆ ಮಾಡಿ ತೋರಿಸಿದೆ. ಜಗ್ಗಿಗೆ ಗೆರೆಯ ತನಕ ನೀರು ಹೊಯ್ದು, ಪುಡಿ ಸುರಿದು, ಚಮಚದಿಂದ ಕದಡಿ, "ನೋಡ್ರಿ, ಇಷ್ಟು ನೀರಿಗೆ ಇದು ಪೂರ್ತಿ" ಎಂದೆ. ಮುಂದೆ ಹದಿನಾಲ್ಕು ಹೆಂಗಸರು ಕೂತಿದ್ದರು. ಊರ ಹೊರಗಿನ ಕೇರಿಯ ಎಂಟು ಹೆಂಗಸರು ಹಿಂದೆ, ಬೇವಿನ ಮರದ ಆಚೆ ನಿಂತಿದ್ದರು. ನಮ್ಮದೂ ಅಂಥದೇ ಕೇರಿ. ಮುಂದೆ ಬರ್ರಿ ಎಂದು ಕರೆಯಬಹುದಿತ್ತು. ಬಿಳಿ ಸೀರೆಯ ದೆಸೆಯಿಂದ ಕಟ್ಟೆಯ ಮೇಲೆ ನಿಂತಿದ್ದೇನೆ ಎಂಬುದು ನನಗೂ ಗೊತ್ತಿತ್ತು, ಮುಂದೆ ಕೂತವರಿಗೂ ಗೊತ್ತಿತ್ತು. ಕರೆಯಲಿಲ್ಲ.

"ತಿಳೀತೇನ್ರಿ?"

"ಹೂಂ," ಎಂದರು ಎಲ್ಲರೂ, ಮುಂದಿನವರೂ ಹಿಂದಿನವರೂ.

ಡೈರಿಯಲ್ಲಿ ಬರೆದೆ: ತಿಳಿದವರು ೨೨. ಜಗ್ಗನ್ನು ತೊಳೆಸಿ ಚೀಲಕ್ಕೆ ಹಾಕಿಕೊಂಡು ಬಂದೆ. ಆ ಲೀಟರು ನನ್ನ ಜೊತೆಗೇ ಬಂದುಬಿಟ್ಟಿತು ಎಂಬುದು ಆಗ ಹೊಳೆಯಲಿಲ್ಲ.

ಮರದ ಆಚೆ ನಿಂತವರಲ್ಲಿ ಒಬ್ಬಳು ನನ್ನದೇ ವಯಸ್ಸಿನವಳು. ತವರು ಮಾನ್ವಿ ತಾಲ್ಲೂಕಿನ ಕಲ್ಲೂರು. ಮಸರಕಲ್‌ಗೆ ಮದುವೆಯಾಗಿ ಬಂದು ಮೂರು ವರ್ಷ. ಹತ್ತು ತಿಂಗಳ ಹೆಣ್ಣು ಮಗು ಸೊಂಟದ ಮೇಲೆ. ನನ್ನನ್ನು ಸಿಸ್ಟರ್ ಎನ್ನದೆ ಅಕ್ಕಾ ಎನ್ನುತ್ತಿದ್ದವಳು ಇಡೀ ಊರಿನಲ್ಲಿ ಅವಳೊಬ್ಬಳೇ.

ಜೂನ್ ನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತು. ಅವಳ ಮಗುವಿಗೆ ಭೇದಿ. ಅತ್ತೆ ಹೊಲಕ್ಕೆ ಹೋಗಿದ್ದಳು, ಗಂಡ ಕಲ್ಲು ಒಡೆಯುವ ಕೆಲಸಕ್ಕೆ. ನನಗೆ ಆ ದಿನ ಇನ್ನೂ ಐದು ಮನೆ ಬಾಕಿ. ಬಾಗಿಲಲ್ಲೇ ನಿಂತು ಎರಡು ಪೊಟ್ಟಣ ಕೊಟ್ಟೆ.

"ಒಂದು ಲೀಟರ್ ನೀರಾಗ ಒಂದು ಪೊಟ್ಟಣ ಪೂರ್ತಿ ಹಾಕು. ಆವತ್ತು ತೋರಿಸೀನಲ್ಲ, ಹಂಗ. ಖಾಲಿ ನೀರು ಕೇಳಿದ್ರ ಕೊಡಬ್ಯಾಡ, ಇದನ್ನ ಕುಡಸು."

"ಹೂಂ ಅಕ್ಕಾ."

"ತಿಳೀತಿಲ್ಲೋ?"

"ತಿಳೀತು ಅಕ್ಕಾ. ನೀನು ಹೋಗು, ಬಿಸಲಾಗ ನಿಂತಿ."

ಏಳನೇ ಕಾಲಮಿನಲ್ಲಿ ಗುರುತು ಹಾಕಿದೆ. ಹೊಸಿಲ ಮೇಲೆ ನಿಂತದ್ದು, ನನ್ನ ಗಡಿಯಾರದ ಪ್ರಕಾರ, ಮೂರು ನಿಮಿಷ.

ಗುರುವಾರ ಬೆಳಿಗ್ಗೆ ಮತ್ತೆ ಹೋದಾಗ ಮಗು ಕಣ್ಣು ತೆರೆಯುತ್ತಿರಲಿಲ್ಲ. ನಾಲಿಗೆ ಒಣಗಿ ಕಟ್ಟಿಗೆಯಾಗಿತ್ತು. ಮುಟ್ಟಿದರೆ ಬೆಚ್ಚಿಬೀಳುತ್ತಿತ್ತು. "ಭಾಳ ನೀರಡಕಿ ಅಕ್ಕಾ ಇದಕ್ಕ. ನೀ ಹೇಳಿದಂಗ ನೀರು ಕೊಟ್ಟಿಲ್ಲ, ಇದನ್ನ ಕುಡಿಸಾಕತ್ತೀನಿ," ಎಂದು ಅವಳು ತೊಟ್ಟಿಲ ಪಕ್ಕದಲ್ಲಿದ್ದ ಕಂಚಿನ ಬಟ್ಟಲು ತೋರಿಸಿದಳು.

ಆ ಬಟ್ಟಲನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಂಗೈಯಲ್ಲಿ ಕೂರುವಂಥದು. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಕಲ್ಲೂರಿನ ಅಜ್ಜಿ ತಂದುಕೊಟ್ಟದ್ದು. ಅಂಚಿಗೆ ಕೊಟ್ಟವರ ಹೆಸರು ಚುಕ್ಕಿಚುಕ್ಕಿಯಾಗಿ ಕೊರೆದಿತ್ತು. ಅವರ ಮನೆಯಲ್ಲಿ, ಆಮೇಲೆ ನೋಡಿದರೆ ಆ ಕಡೆಯ ಎಷ್ಟೋ ಮನೆಗಳಲ್ಲಿ, ಕೂಸಿಗೆ ಕೊಡುವ ಯಾವ ಮದ್ದನ್ನೂ ಬೇರೆಯವರು ಮುಟ್ಟಿ ಉಂಡ ಪಾತ್ರೆಯಲ್ಲಿ ಕಲಸುವುದಿಲ್ಲ. ತೊಟ್ಟಿಲಿಗೆ ಬಂದ ಬಟ್ಟಲೇ ಆಗಬೇಕು. ಬಜೆ ತೇಯ್ದರೂ ಅದರಲ್ಲೇ, ಬೆಲ್ಲದ ನೀರಾದರೂ ಅದರಲ್ಲೇ. ಅವಳು ಮಗುವಿಗೆ ತನ್ನ ಕೈಲಾದ ಅತ್ಯಂತ ಒಳ್ಳೆಯದನ್ನೇ ಮಾಡಿದ್ದಳು. ಬಟ್ಟಲ ತುಂಬ ನೀರು ಹಾಕಿ ಇಡೀ ಪೊಟ್ಟಣ ಸುರಿದಿದ್ದಳು. ಅದು ಮುಗಿದ ಮೇಲೆ ಇನ್ನೊಂದು. ಬೆರಳು ಅದ್ದಿ ನೆಕ್ಕಿ ನೋಡಿದೆ. ಬರೀ ಉಪ್ಪು. ಮಗು ನೀರಿಗಾಗಿ ಅತ್ತಷ್ಟೂ ಆ ಉಪ್ಪನ್ನೇ ಕುಡಿಸಿದ್ದಳು. ಹಾಗೆ ಮಾಡು ಎಂದಿದ್ದವಳು ನಾನು.

ಬಂಡಿಯಲ್ಲಿ ದೇವದುರ್ಗಕ್ಕೆ, ಅಲ್ಲಿಂದ ಬಸ್ಸಿನಲ್ಲಿ ರಾಯಚೂರಿಗೆ. ದಾರಿಯಲ್ಲಿ ಎರಡು ಸಲ ಸೆಳವು ಬಂತು. ಶುಕ್ರವಾರ ಸಂಜೆ ನಾಲ್ಕಕ್ಕೆ ಮಗು ತೀರಿಕೊಂಡಿತು. ಮೈಯಲ್ಲಿ ಉಪ್ಪು ವಿಪರೀತ ಏರಿತ್ತು, ನಾವು ಇಳಿಸುವಷ್ಟರಲ್ಲಿ ಹೋಯಿತು ಎಂದು ವಾರ್ಡಿನ ಹಿರಿಯ ನರ್ಸ್ ನನ್ನ ಕಿವಿಯಲ್ಲಿ ಹೇಳಿದಳು. ತಾಯಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಜೂನ್ ಹನ್ನೊಂದಕ್ಕೆ ನಮ್ಮ ವೈದ್ಯಾಧಿಕಾರಿ ಜೀಪಿನಲ್ಲಿ ವಿಚಾರಣೆಗೆ ಬಂದರು. ದಕ್ಷಿಣದವರು, ಬಂದು ಒಂದು ವರ್ಷವಾಗಿತ್ತು. ಆ ತಾಯಿಯ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸುತ್ತ ಅತ್ತೆ, ಗಂಡ, ಅಕ್ಕಪಕ್ಕದವರು. ಅವಳು ನೆಲದ ಮೇಲೆ. ಬಟ್ಟಲು ನೋಡಿದರು, ಹರಿದ ಪೊಟ್ಟಣ ನೋಡಿದರು, ನನ್ನ ರಿಜಿಸ್ಟರು ನೋಡಿದರು.

"ಸಿಸ್ಟರ್ ಹೇಳಿದ್ರಾ ಇಲ್ವಾ, ಒಂದು ಲೀಟರಿಗೆ ಅಂತ?"

"ಹೇಳ್ಯಾರ್ರಿ."

"ತಿಳೀತು ಅಂದಿದ್ದೆ ತಾನೇ?"

"ಅಂದೀನ್ರಿ."

"ಮತ್ತೆ? ನೋಡಮ್ಮ, ನಿನ್ನ ಮಗು ಭೇದಿಯಿಂದ ಸತ್ತದ್ದಲ್ಲ. ನಿನ್ನ ಕೈಯಿಂದಲೇ ಸತ್ತದ್ದು."

ಅತ್ತೆ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಗಂಡ ಎದ್ದು ಹೊರಗೆ ಹೋದ. ಸಾಹೇಬರು ಮೊಣಕಾಲ ಮೇಲೆಯೇ ಬರೆದರು: ತಾಯಿಗೆ ತಿಳಿಸಲಾಗಿತ್ತು, ತಾಯಿಯ ನಿರ್ಲಕ್ಷ್ಯವೇ ಕಾರಣ. ಕೆಳಗೆ ನನ್ನ ಸಹಿಗೆ ಜಾಗ. ಹಿಂಜರಿದೆ. "ಹಾಕಿ, ನಿಮ್ಮ ಒಳ್ಳೆಯದಕ್ಕೇ," ಎಂದರು. ಅದು ನಿಜವಾಗಿತ್ತು, ನನ್ನ ಒಳ್ಳೆಯದಕ್ಕೇ. ಹಾಕಿದೆ.

ಮರುದಿನ ಬೆಳಿಗ್ಗೆ ಎಂಟರ ಬಸ್ಸಿಗೆ ಅವಳನ್ನು ಟ್ರಂಕಿನ ಸಮೇತ ಕಲ್ಲೂರಿಗೆ ಕಳಿಸಿದರು. ಕೂಸನ್ನು ತಿಂದವಳು ಮನೆಗೆ ಬೇಡ ಎಂದಳಂತೆ ಅತ್ತೆ. ಬೇರೆ ಹೆಣ್ಣು ನೋಡುವ ಮಾತು ಅದೇ ವಾರ ಶುರುವಾಯಿತು. ಒಂದು ಸಾಲು ಬರಹ ಒಬ್ಬಳ ಮನೆಯನ್ನೇ ಕಿತ್ತುಕೊಂಡಿತು. ಆ ಸಾಲಿಗೆ ಆಧಾರ ನನ್ನ ಒಂದು ಸರಿ ಗುರುತು.

ಎರಡು ದಿನ ನಾನು ಯಾವ ಮನೆಗೂ ಹೋಗಲಿಲ್ಲ. ಮೂರನೆಯ ದಿನ ಜಗ್ಗು ಹಿಡಿದು ಹೊರಟೆ. ಗುರುತು ಹಾಕಿದ ಅರವತ್ತಮೂರು ಮನೆಗಳಿಗೂ ಹೋಗಿ ಒಂದೇ ಮಾತು ಕೇಳುತ್ತಿದ್ದೆ: ಪುಡಿಯನ್ನು ಯಾವುದರಲ್ಲಿ ಕಲಸಿದಿರಿ, ಆ ಪಾತ್ರೆ ಕೊಡಿ. ಅದಕ್ಕೆ ನೀರು ತುಂಬಿಸಿ ಜಗ್ಗಿಗೆ ಸುರಿದು ಗೆರೆ ನೋಡುವುದು. ಹತ್ತು ದಿನ ಹಿಡಿಯಿತು. ಬಾಗಿಲು ತೆರೆದವರು ಐವತ್ತೆಂಟು. ಪುಡಿ ಬಳಸಿದ್ದವರು ಮೂವತ್ತೊಂದು. ಸರಿಯಾಗಿ ಒಂದು ಲೀಟರಿನಲ್ಲಿ ಕಲಸಿದ್ದವರು ನಾಲ್ಕು. ಉಳಿದವರದು ಗ್ಲಾಸು, ಬಟ್ಟಲು, ಚಿಕ್ಕ ಚರಿಗೆ. ಅವರಲ್ಲಿ ಬಹುತೇಕರು ಚಿಟಿಕೆಯಷ್ಟು ಮಾತ್ರ ಪುಡಿ ಹಾಕಿ ಉಳಿದದ್ದನ್ನು ಕಟ್ಟಿಟ್ಟಿದ್ದರು, ಹಾಗಾಗಿ ಮಕ್ಕಳು ಉಳಿದಿದ್ದವು. ಒಬ್ಬಳಂತೂ ಉಪ್ಪುಪ್ಪಾಗಿದೆ ಎಂದು ಎಮ್ಮೆಗೆ ಹಾಕಿದ್ದಳು. ನನ್ನ ಮಾತು ಕೇಳಿದವಳ ಮಗು ಸತ್ತಿತು. ಕೇಳದವರ ಮಕ್ಕಳು ಬದುಕಿದ್ದವು. ಹಾಗೆಯೇ ಬರೆದಿದ್ದೇನೆ, ಜೂನ್ ಇಪ್ಪತ್ತನಾಲ್ಕರ ಪುಟದಲ್ಲಿ.

ಕೊನೆಯ ಮನೆ ಊರಿನ ಹಳೆಯ ಸೂಲಗಿತ್ತಿಯದು. ನಾನು ಬಂದಾಗಿನಿಂದ ನನ್ನನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ. ಮೊಮ್ಮಗನಿಗೆ ಕಲಸಿದ ಪಾತ್ರೆ ತಂದುಕೊಟ್ಟಳು. ಅಳೆದರೆ ಸರಿಯಾಗಿ ಲೀಟರು. ಆ ನಾಲ್ಕರಲ್ಲಿ ಒಂದು.

"ನಿನಗ ಹೆಂಗ ಗೊತ್ತಾತು ಯವ್ವಾ?"

"ನಿನ್ನ ಜಗ್ಗು ತೊಳ್ಯಾಕ ಕೊಟ್ಟಿದ್ದೆಲ್ಲ ಬೇ, ಆವತ್ತು ನಮ್ಮನ್ಯಾಗ. ನೀರು ಹಾಕಿ ನೋಡಿಟ್ಟಿದ್ದೆ."

"ಉಳಿದಾವ್ರು ಯಾಕ ತಿಳೀತು ಅಂದ್ರು? ಎಲ್ಲಾರೂ ಹೂಂ ಅಂದ್ರಲ್ಲ."

ಮುದುಕಿ ಎಲೆಯಡಿಕೆಯನ್ನು ದವಡೆಗೆ ಸರಿಸಿ ನಕ್ಕಳು. "ನಾವು ಎಲ್ಲಾರಿಗೂ ಹೂಂ ಅಂತೀವಿ. ಗೌಡ್ರಿಗೂ ಅಂತೀವಿ, ಓಟು ಕೇಳಾಕ ಬಂದಾವ್ರಿಗೂ ಅಂತೀವಿ. ಬಿಳಿ ಸೀರಿ ಉಟ್ಟು ಕಟ್ಟಿ ಮ್ಯಾಲ ನಿಂತಾಕಿಗಿ ಇಲ್ಲ ಅನ್ನಾಕ ಆಗ್ತದೇನು? ನೀ ನಮ್ಮನ್ನ ಕೇಳಿದ್ದು ತಿಳೀತೇನು ಅಂತ. ಮಾಡಿ ತೋರಸು ಅಂದಿಯೇನು? ಅಂದಿದ್ರ ಆಗ ಗೊತ್ತಾಗ್ತಿತ್ತು ಯಾರ ಬಟ್ಟಲಾ ಎಷ್ಟು ಅಂತ."

ಎರಡು ದಿನದ ತರಬೇತಿಯಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಹೇಳಬಲ್ಲವಳನ್ನು ಯಾರೂ ಕರೆದಿರಲಿಲ್ಲ.

ದಾರಿಯನ್ನೂ ಅವಳೇ ತೋರಿಸಿದಳು. ಪಾತ್ರೆಗೆ ಹೆಸರು ಕೊರೆಯುವವನು ದೇವದುರ್ಗದ ಸಂತೆಯಲ್ಲಿ ಕೂರುತ್ತಾನೆ, ಹೆಸರಿನ ಬದಲು ನೀರಿನ ಗುರುತು ಹಾಕಿಸು ಎಂದಳು. ಸಂತೆಯ ದಿನ ಕೇರಿಯ ಆರು ಹೆಂಗಸರ ಚರಿಗೆಗಳನ್ನು ಚೀಲದಲ್ಲಿ ಹಾಕಿಕೊಂಡು, ಜಗ್ಗಿನಿಂದ ಅಳೆದು ಹೊರಗಡೆ ಸುಣ್ಣ ಹಚ್ಚಿಕೊಂಡು ಹೋದೆ. ಅವನು ಸಣ್ಣ ಉಳಿ, ಸುತ್ತಿಗೆ ಹಿಡಿದು ಮೊದಲ ಚರಿಗೆಯನ್ನು ತೊಡೆಗೆ ಏರಿಸಿಕೊಂಡ.

"ಯಾರ ಹೆಸರ್ರಿ?"

"ಹೆಸರು ಬ್ಯಾಡ ಅಣ್ಣಾ. ಸುಣ್ಣ ಹಚ್ಚಿದ ಕಡೆ ಗುರುತು ಹಾಕು."

"ಹೆಸರು ಇಲ್ದ ಪಾತ್ರಿ ಯಾರ ಮನೀದು ಅಂತ ತಿಳೀಬೇಕಲ್ರಿ. ಕಳವು ಆದ್ರ?"

"ಕಳವು ಮಾಡಿದಾವರ ಮನ್ಯಾಗೂ ಕೂಸು ಇರ್ತಾವ. ಹಾಕು."

ಅವನು ನನ್ನ ಮುಖ ನೋಡಿ, ಮತ್ತೇನೂ ಕೇಳದೆ ಸುತ್ತ ಚುಕ್ಕಿ ಹೊಡೆದ. ಗೆರೆ ಎಳೆದರೆ ಪಾತ್ರೆ ಸೀಳುತ್ತದಂತೆ. ಒಳಗಡೆಯಿಂದ ಬೆರಳಾಡಿಸಿದರೂ ಚುಕ್ಕಿಗಳು ಕೈಗೆ ಸಿಗುತ್ತಿದ್ದವು. ಓದಲು ಬರದವರೂ ಓದಬಹುದಾದ ಬರಹ.

ಜೂನ್ ಇಪ್ಪತ್ತೊಂಬತ್ತು, ಶನಿವಾರ. ರಾಯಚೂರಿನಲ್ಲಿ ತಿಂಗಳ ಸಭೆ. ನನ್ನ ಸರದಿ ಬಂದಾಗ ಪೊಟ್ಟಣದ ಲೆಕ್ಕದ ಬದಲು ಡೈರಿ ತೆಗೆದು ಓದಿದೆ: ಮೂವತ್ತೊಂದರಲ್ಲಿ ನಾಲ್ಕು. ಮಸರಕಲ್‌ನ ತಾಯಿಗೆ ತಿಳಿಸಲಾಗಿತ್ತು ಎಂಬುದು ಸುಳ್ಳು, ನಾನು ಬಾಯಿಯಲ್ಲಿ ಹೇಳಿದ್ದೆ, ತಿಳಿಸಿರಲಿಲ್ಲ. ವರದಿ ತಿದ್ದಬೇಕು, ನನ್ನ ಸಹಿ ಹಿಂದಕ್ಕೆ ಪಡೆಯುತ್ತೇನೆ ಎಂದೆ.

ನಮ್ಮ ವೈದ್ಯಾಧಿಕಾರಿ, "ನಿಮ್ಮ ಡೈರಿ ಸರ್ಕಾರಿ ದಾಖಲೆ ಅಲ್ಲ," ಎಂದರು.

"ರಿಜಿಸ್ಟರ್‌ನಾಗಿನ ಗುರುತು ನಂದ ಕೈದ್ರಿ ಸರ್. ಡೈರಿನೂ ಅದ ಕೈದು. ಒಂದು ನಂಬಿ ಒಂದು ಬಿಡಾದು ಹೆಂಗ್ರಿ?"

ಅವರ ಪಕ್ಕದಲ್ಲಿದ್ದ ಹಿರಿಯ ಅಧಿಕಾರಿ ಪೆನ್ನು ಮುಚ್ಚಿದರು. "ಈ ಹುಡುಗಿಗೆ ಲೀಡರ್ ಆಗೋ ಆಸೆ," ಎಂದರು. ಮತ್ತೆ ವೇದಿಕೆ ನಕ್ಕಿತು. ಮೂರು ತಿಂಗಳ ಹಿಂದೆ 'ನಾಯಕತ್ವ' ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದವರು ಇವರೇ. ಆದರೆ ಈ ಸಲ ಜಮಖಾನದ ಮೇಲಿದ್ದವರಲ್ಲಿ ನಕ್ಕವರು ಕಡಿಮೆ. ನನ್ನ ಹಿಂದೆ ಕೂತವಳು, "ನನ್ನ ಊರಾಗೂ ಅಳದು ನೋಡ್ತೀನಿ ತಡಿ," ಎಂದು ಪಿಸುಗುಟ್ಟಿದಳು.

ವರದಿ ತಿದ್ದಲಿಲ್ಲ. ತಿದ್ದಿದರೆ ಮುಂದಿನ ಪ್ರಶ್ನೆ ಜಗ್ಗಿನದು, ಅದರ ಮುಂದಿನದು ಆ ಎರಡು ದಿನದ ತರಬೇತಿಯದು, ಅದರ ಮುಂದಿನದು ವೇದಿಕೆಯದು. ಓದು ಬಾರದ ಒಬ್ಬಳ ಹತ್ತಿರ ನಿಲ್ಲಿಸಿದರೆ ಎಲ್ಲರಿಗೂ ಅನುಕೂಲ. ಜುಲೈ ಹದಿನೈದಕ್ಕೆ ನನಗೆ ವರ್ಗವಾಯಿತು, ಮಾನ್ವಿ ತಾಲ್ಲೂಕಿನ ಮಲ್ಲಟಕ್ಕೆ. ಶಿಕ್ಷೆ ಎಂದು ಅವರು ತಿಳಿದಿದ್ದರು. ಮಲ್ಲಟವೂ ಅವಳ ತವರು ಕಲ್ಲೂರೂ ಒಂದೇ ತಾಲ್ಲೂಕು ಎಂಬುದನ್ನು ಅವರು ನೋಡಿರಲಿಲ್ಲ.

ಮೊದಲ ಭಾನುವಾರವೇ ಕಲ್ಲೂರಿಗೆ ಹೋದೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. ಅವಳ ಅಪ್ಪ ಕಂಬಳಿ ಹಾಸಿದ. ನಾನು ಕೂರದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಲೀಟರು ಎಷ್ಟು ಎಂದು ನಾನು ಅವಳಿಗೆ ತೋರಿಸಲಿಲ್ಲ, ಖಾಲಿ ನೀರು ಕೊಡಬೇಡ ಎಂದು ನಾನೇ ಹೇಳಿದೆ, ಸುಳ್ಳು ಕಾಗದಕ್ಕೆ ಸಹಿ ಹಾಕಿದೆ. ಮೊರ ಆಗ ನಿಂತಿತು.

"ನನಗ ಯಾಕ ಹೇಳಾಕತ್ತಿ? ನನಗ ಗೊತ್ತಿಲ್ಲೇನು ನಾ ಕೊಂದಿಲ್ಲ ಅಂತ?" ಎಂದಳು. "ಹೇಳೋ ಜಾಗ ಇದಲ್ಲ. ಅಲ್ಲಿ ಹೇಳು."

"ಬಾ, ಹೇಳ್ತೀನಿ."

ಅವಳ ಅಪ್ಪ, "ಅವ್ರು ಸಿಸ್ಟರ್ ಮಾತು ಕೇಳ್ತಾರೇನು ಯವ್ವಾ? ಹೋಗಿ ಮತ್ತ ಮರ್ಯಾದಿ ಕಳ್ಕೊಳಾದು," ಎಂದ. ಅವಳು ಎದ್ದು ಕೈಕಾಲು ಝಾಡಿಸಿಕೊಂಡಳು. "ಇನ್ನ ಏನು ಉಳದದ ಯಪ್ಪಾ ಕಳ್ಕೊಳಾಕ?" ಎಂದಳು.

ಜುಲೈ ಇಪ್ಪತ್ತೆಂಟು, ಭಾನುವಾರ, ಬೆಳಿಗ್ಗೆ ಹತ್ತೂವರೆ. ಮಸರಕಲ್‌ನ ಅದೇ ಅಂಗಳ. ವೈದ್ಯಾಧಿಕಾರಿ ಕೂತ ಜಾಗದಲ್ಲಿ ನಾನು ನೆಲದ ಮೇಲೆ ಕೂತೆ. ಎದುರಿಗೆ ಅತ್ತೆ, ಗಂಡ, ಕೇರಿಯ ಹಿರಿಯರು ಮೂವರು. ಗೋಡೆಗೆ ಒರಗಿ ಸೂಲಗಿತ್ತಿ. ಮಗುವಿನ ತಾಯಿಯೂ ಅವಳ ಅಪ್ಪನೂ ಟ್ರಂಕಿನ ಸಮೇತ ಹೊಸಿಲ ಆಚೆಯೇ ನಿಂತರು, ಒಳಗೆ ಬರಲು ಯಾರೂ ಹೇಳಿರಲಿಲ್ಲ.

ಅತ್ತೆಗೆ ಆ ಬಟ್ಟಲು ಕೇಳಿದೆ. ಕೊಡುವುದಿಲ್ಲ ಎಂದಳು. ಸೂಲಗಿತ್ತಿ ಎದ್ದು ಒಳಗೆ ಹೋಗಿ ಗೂಡಿನಿಂದ ತಾನೇ ತಂದಿಟ್ಟಳು. ನಾನು ಜಗ್ಗಿಗೆ ಗೆರೆಯ ತನಕ ನೀರು ಹೊಯ್ದು, "ಇದು ನಾನು ಆವತ್ತು ಬಾಯಾಗ ಹೇಳಿದ ನೀರು," ಎಂದು ಹೇಳಿ, ಬಟ್ಟಲಿಗೆ ತುಂಬಿ ಒಂದು ಬೋಗುಣಿಗೆ ಸುರಿಯತೊಡಗಿದೆ. ಸೂಲಗಿತ್ತಿ ಗಟ್ಟಿಯಾಗಿ ಎಣಿಸಿದಳು. ಒಂದು. ಎರಡು. ಮೂರು. ನಾಲ್ಕು. ಐದು ಬಟ್ಟಲಿಗೆ ಜಗ್ಗು ಖಾಲಿಯಾಯಿತು.

"ಐದು ಬಟ್ಟಲು ನೀರಿಗೆ ಹಾಕಾದನ್ನ ಒಂದು ಬಟ್ಟಲಿಗೆ ಹಾಕ್ಯಾಳ. ಅಳತಿ ಆಕೀಗ ನಾ ತೋರಿಸಿಲ್ಲ. ಆಕಿ ಮರದಾಚಿ ನಿಂತಿದ್ಲು, ಮುಂದ ಬಾ ಅಂತ ನಾ ಕರದಿಲ್ಲ. ನೀರು ಕೇಳಿದ್ರ ಕೊಡಬ್ಯಾಡ ಅಂದಾಕಿ ನಾನು. ಆಕಿ ಹೇಳಿದಂಗ ಮಾಡ್ಯಾಳ. ಸಾಹೇಬ್ರು ಬರದದ್ದು ಸುಳ್ಳು. ತಪ್ಪು ನಂದು."

ಅತ್ತೆ ಬಟ್ಟಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಆವತ್ತು ಇಲ್ಲೇ ನಿಂತಿದ್ದೆಲ್ಲ ನೀ. ಸಾಹೇಬ ಆಕಿ ಮಾರಿ ಮ್ಯಾಲ ಅಂಥಾ ಮಾತು ಅಂದಾಗ. ಆಗ ನಿನ್ನ ಬಾಯಾಗ ಏನಿತ್ತು?"

ನಾನು ಜಗ್ಗನ್ನು ಕೆಳಗಿಟ್ಟೆ.

"ನಮ್ಮ ಕೂಸು ಹೋತು, ನಿನ್ನ ನೌಕರಿ ಉಳೀತು," ಎಂದಳು. ಮೂವರು ಹಿರಿಯರಲ್ಲಿ ಒಬ್ಬ, ಬಿಡಬೇ ಸಾಕು ಎಂದ. ಅವಳು ಬಿಡಲಿಲ್ಲ. ನನ್ನನ್ನು, ಜೀಪನ್ನು, ಪೊಟ್ಟಣವನ್ನು, ಕಳಿಸಿದ ಸರ್ಕಾರವನ್ನು ಒಂದೊಂದಾಗಿ ಬೈದಳು. ಮಗನನ್ನು ಬೈದಳು, ಹೆಂಡತಿಯ ಪರವಾಗಿ ಒಂದು ಮಾತು ಆಡದೆ ಎದ್ದು ಹೋದದ್ದಕ್ಕೆ. ಅವಳು ತನ್ನನ್ನು ಮಾತ್ರ ಬೈದುಕೊಳ್ಳಲಿಲ್ಲ, ಆದರೆ ಕೊನೆಗೆ ಧ್ವನಿ ಅಲ್ಲಿಗೇ ಬಂದು ನಿಂತಂತಾಯಿತು. ಬಟ್ಟಲನ್ನು ಎತ್ತಿ ಸೆರಗಿನಿಂದ ಒರೆಸಿದಳು. ಹೊಸಿಲ ಕಡೆ ನೋಡದೆಯೇ ಹೇಳಿದಳು:

"ಅಲ್ಲೇನು ನಿಂತಿ? ಬಿಂದಿಗಿ ಖಾಲಿ ಅದ. ನೀರಿಗಿ ಹೋಗು."

ಸೊಸೆ ಟ್ರಂಕನ್ನು ಒಳಗಿಟ್ಟು, ಬಿಂದಿಗೆ ಎತ್ತಿಕೊಂಡು ನನ್ನ ಪಕ್ಕದಿಂದಲೇ ಹಾದುಹೋದಳು. ಬಾವಿಯಿಂದ ಬಂದ ಮೇಲೆ ಒಂದು ಚರಿಗೆ ನೀರು ತಂದು ನನ್ನ ಮುಂದಿಟ್ಟಳು. ಸುತ್ತ ಚುಕ್ಕಿಗಳಿದ್ದವು. ಸಂತೆಗೆ ಒಯ್ದ ಆರರಲ್ಲಿ ಅದೊಂದು, ಪಕ್ಕದ ಮನೆಯದು.

"ಕುಡೀರಿ, ಸಿಸ್ಟರ್," ಎಂದಳು.

ಅಕ್ಕಾ ಎನ್ನಲಿಲ್ಲ. ಅದಾದ ಮೇಲೆ ಎಂದೂ ಎಂದಿಲ್ಲ.

ಮಲ್ಲಟದಲ್ಲಿ ನಾನು ಏಳನೇ ಕಾಲಮಿನ ಅಚ್ಚಿನ ಅಕ್ಷರದ ಮೇಲೆ ಗೆರೆ ಎಳೆದು, 'ತಾಯಿ ತನ್ನ ಪಾತ್ರೆಯಲ್ಲಿ ಮಾಡಿ ತೋರಿಸಿದಳು' ಎಂದು ಕೈಯಲ್ಲಿ ಬರೆಯುತ್ತೇನೆ. ನಮೂನೆಯ ಪ್ರಕಾರ ಇಲ್ಲ ಎಂದು ರಿಜಿಸ್ಟರು ಇದುವರೆಗೆ ಏಳು ಸಲ ವಾಪಸು ಬಂದಿದೆ. ಏಳು ಸಲವೂ ಹಾಗೆಯೇ ತಿರುಗಿ ಕಳಿಸಿದ್ದೇನೆ. ಗುರುತುಗಳು ಮೊದಲಿಗಿಂತ ಕಡಿಮೆ. ಒಂದು ಮನೆಗೆ ಮೂರು ನಿಮಿಷ ಸಾಲುವುದಿಲ್ಲ.

ಆ ಕಾಗದ ಇಂದಿಗೂ ಕಡತದಲ್ಲಿದೆ. ಅದರ ಪ್ರಕಾರ ಅವಳು ಇಂದಿಗೂ ತಪ್ಪಿತಸ್ಥೆ, ನಾನು ಕೆಲಸ ಸರಿಯಾಗಿ ಮಾಡಿದವಳು. ತಿದ್ದಬೇಕೆಂದು ಬರೆದ ಅರ್ಜಿ ೫, ಉತ್ತರ ೦. ಆರನೆಯದನ್ನು ಈ ವಾರ ಬರೆದಿದ್ದೇನೆ.